ಪುಕ್ಕಟೆ ಆ್ಯಪಿನ ಸುರೇಂದ್ರಣ್ಣ

ಯಾರಾದರೂ ಮೊಬೈಲಿನಲ್ಲಿ ಹೊಸ ಆ್ಯಪ್ ತೋರಿಸಿದರೆ ಸುರೇಂದ್ರಣ್ಣ ಕೊಳೆತ ಮೀನು ಮೂಸಿದವರ ಹಾಗೆ ಮೂಗು ಸಿಂಡರಿಸುತ್ತಿದ್ದರು. "ಇದ್ರಲ್ಲಿ ಜಾಹೀರಾತ್ ಕಳ್ದ್ರೆ ಉಳುದ್ ಎಂತ ಮಾರಾಯ?" ಎಂದು ಹಿಂದಕ್ಕೆ ಕೊಡುತ್ತಿದ್ದರು.

ಹಂಗಾರಕಟ್ಟೆಯಲ್ಲಿ ಅವರದು ಬೋಟಿನ ಬಿಡಿಭಾಗಗಳ ಅಂಗಡಿ, ಪಕ್ಕದಲ್ಲಿ ನನ್ನ ಔಷಧಿ ಅಂಗಡಿ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಲ್ಯಾಪ್‌ಟಾಪ್ ಬಿಡಿಸಿ, ತಾವೇ ಕಲಿತು, ಸಣ್ಣ ದೋಣಿಯವರಿಗಾಗಿ ಅವರು ಒಂದು ಆ್ಯಪ್ ಬರೆದರು. ತೆರೆದ ಕೂಡಲೇ ಉಬ್ಬರ ಇಳಿತದ ಹೊತ್ತು, ಗಾಳಿ, ಅಲೆಯ ಎತ್ತರ, ಎಲ್ಲ ದೊಡ್ಡ ಕನ್ನಡ ಅಕ್ಷರದಲ್ಲಿ. ಹೊಳೆ ಕಡಲು ಸೇರುವ ಅಳಿವೆ ದಾಟುವ ಮೊದಲು ಎಲ್ಲರೂ ಅದನ್ನೇ ನೋಡತೊಡಗಿದರು. ಮೀನುಗಾರರ ಸಂಘ ಶಾಲು ಹೊದಿಸಿತು. ಶಾಲು ಹೊದಿಸಲು ನಮ್ಮವರು ಯಾವತ್ತೂ ಹಿಂದೆ ಬಿದ್ದವರಲ್ಲ.

ಆಮೇಲೆ ಗಾಳಿ, ಅಲೆಯ ಮಾಹಿತಿ ಕೊಡುತ್ತಿದ್ದ ಕಂಪನಿ ಅದಕ್ಕೆ ಶುಲ್ಕ ಹಾಕಿತು. ಸುರೇಂದ್ರಣ್ಣ ಕೆಲವು ತಿಂಗಳು ಕೈಯಿಂದಲೇ ಕಟ್ಟಿ, ಕೊನೆಗೆ ಸಂಘದ ಅಧ್ಯಕ್ಷನನ್ನು ಕೇಳಿದರು. ಮಗಳ ಮದುವೆಗೆ ಮುಂಬೈಯಿಂದ ಬ್ಯಾಂಡು ತರಿಸಿದ ಮನುಷ್ಯ ನನ್ನೆದುರೇ ಹೇಳಿದ: "ನೀವ್ ಖುಷಿಗ್ ಮಾಡುದಲ್ದಾ? ನಿಮ್ಮ್ ಖುಷಿಗ್ ಸಂಘ ದುಡ್ಡ್ ಕೊಡುದ್ ಹ್ಯಾಂಗೆ?"

ಶುಲ್ಕ ತಗ್ಗಲೆಂದು, ತಾಸಿಗೊಮ್ಮೆ ತರಿಸುತ್ತಿದ್ದ ಮಾಹಿತಿಯನ್ನು ಸುರೇಂದ್ರಣ್ಣ ದಿನಕ್ಕೊಮ್ಮೆಗೆ ಇಳಿಸಿದರು. ಒಂದು ಬೆಳಿಗ್ಗೆ ಆ್ಯಪ್ ಕಡಲು ತಣ್ಣಗಿದೆ ಎಂದಿತು. ಅದು ಹಿಂದಿನ ದಿನದ ಕಡಲು. ಮೀನಿಗೆ ಹೊರಟಿದ್ದ ಶೀನಣ್ಣನ ದೋಣಿ ಅಳಿವೆಯಲ್ಲಿ ಮಗುಚಿತು. ಈಜಿ ದಡ ಸೇರಿದ, ಆದರೆ ಕೈ ಮುರಿದಿತ್ತು. ನೋವಿನ ಮಾತ್ರೆಗೆಂದು ನನ್ನ ಅಂಗಡಿಗೆ ಬಂದವನು, ಪಕ್ಕದಲ್ಲಿ ನಿಂತಿದ್ದ ಸುರೇಂದ್ರಣ್ಣನನ್ನು ಬೈಯಲಿಲ್ಲ. "ನಿಮ್ದ್ ಕಂಡೇ ಹೋದದ್ದ್" ಎಂದ, ಅಷ್ಟೇ.

ಸುರೇಂದ್ರಣ್ಣ ಸೀದಾ ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತರು. ಆ ದಿನವೇ ಗಾಳಿ, ಅಲೆ ಎರಡನ್ನೂ ಆ್ಯಪಿನಿಂದ ಕಿತ್ತು ಹಾಕಿ, ತಾವೇ ಲೆಕ್ಕ ಹಾಕಬಲ್ಲ ಉಬ್ಬರ ಇಳಿತವನ್ನು ಮಾತ್ರ ಉಳಿಸಿದರು. "ಹಳ್ಸಿದ್ದನ್ನ ಬಿಸಿ ಅಂದ್ಹೇಳಿ ಬಡ್ಸಿದೆ ಮಾರಾಯ. ಇನ್ ನಂಗೆ ಗೊತ್ತಿಪ್ಪುದ್ ಮಾತ್ರ" ಎಂದರು.

ಮರುವಾರ ಅಧ್ಯಕ್ಷ ಆ್ಯಪಿಗೆ ಒಂದೇ ನಕ್ಷತ್ರ ಕೊಟ್ಟು, 'ಮೊದಲಿನ ಹಾಗಿಲ್ಲ' ಎಂದು ಬರೆದ. ಸುರೇಂದ್ರಣ್ಣ ಅದನ್ನು ನನಗೆ ಓದಿ ಹೇಳಿ, "ಸತ್ಯವೇ ಬರ್ದಿದ್ದ" ಎಂದು ನಕ್ಕರು.

ಕಳೆದ ಮಳೆಗಾಲ ಹೃದಯಾಘಾತದಿಂದ ಅವರು ಹೋದರು. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಅಧ್ಯಕ್ಷ ನನ್ನ ಪಕ್ಕದಲ್ಲೇ ಕೂತ. "ಹ್ವಾಯ್, ಆ ಆ್ಯಪ್ ಇನ್ ಯಾರ್ ಕಂಡ್ಕಂಬುದ್? ಗಾಳಿ ಲೆಕ್ಕ ಆದ್ರೂ ವಾಪಾಸ್ ಹಾಕ್ಸುಕಿತ್ತ್" ಎಂದ.

ಪಾಯಸ ಬಡಿಸುತ್ತ ಬರುತ್ತಿದ್ದರು. ನಾನು ಎಲೆ ಮಡಚಿ ಎದ್ದೆ.