ಮಗಳ ಬಡ್ಡಿ ನನ್ನ ವರಮಾನಕ್ಕೆ ಸೇರಿದ ವರ್ಷ

ನನ್ನ ಗಂಡ ತೀರಿಕೊಂಡದ್ದು ಎಂಬತ್ತರ ದಶಕದ ನಡುಭಾಗದಲ್ಲಿ. ಸಿಂಧನೂರಿನಲ್ಲಿ ಅವರಿಗೆ ಕಾಲುವೆ ಇಲಾಖೆಯ ನೌಕರಿ. ಒಂದು ಬೆಳಿಗ್ಗೆ ತುರ್ವಿಹಾಳದ ಕಡೆ ಕಾಲುವೆ ನೋಡಲು ಹೋದಾಗ ಜೀಪು ಮಗುಚಿಬಿತ್ತು. ಆಗ ನಮ್ಮ ಮಗಳು ಇನ್ನೂ ಮಾತು ಕಲಿಯುತ್ತಿದ್ದಳು. ಮನೆ ತುಂಬ ಜನ ಸೇರಿದ್ದನ್ನು ಕಂಡು ಅವಳಿಗೆ ಖುಷಿಯಾಗಿತ್ತು; ಬಂದವರ ಚಪ್ಪಲಿಗಳನ್ನೆಲ್ಲ ಸಾಲಾಗಿ ಜೋಡಿಸುತ್ತ ಕೂತಿದ್ದಳು.

ಕೆಲವು ತಿಂಗಳಾದ ಮೇಲೆ ಅವರ ಇಲಾಖೆಯಿಂದಲೂ ವಿಮೆಯಿಂದಲೂ ಬರಬೇಕಾದದ್ದು ಬಂತು. ನನ್ನ ಮಾವ ಸಿಂಧನೂರಿನ ಧಾನ್ಯದ ಮಾರುಕಟ್ಟೆಯಲ್ಲಿ, ಅಂದರೆ ಗಂಜಿನಲ್ಲಿ, ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತಿದ್ದವರು. ಯಾವ ದುಡ್ಡು ಯಾರ ಹೆಸರಿನಲ್ಲಿದ್ದರೆ ತೆರಿಗೆ ತಾಗುವುದಿಲ್ಲ ಎಂಬುದು ಅವರಿಗೆ ಬಾಯಿಪಾಠ. ನನ್ನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಮುಕ್ಕಾಲು ಪಾಲನ್ನು ಮೊಮ್ಮಗಳ ಹೆಸರಿನಲ್ಲಿ ಠೇವಣಿ ಇಡಿಸಿದರು.

"ಕೂಸಿನ ಹೆಸರಿಗೆ ಇದ್ರ ಸರ್ಕಾರ ಮುಟ್ಟಂಗಿಲ್ಲವ್ವ. ನೀ ನಾಳೆ ನೌಕರಿ ಹಿಡಿದರೂ ಇದರ ಬಡ್ಡಿ ನಿನ್ನ ಲೆಕ್ಕಕ್ಕ ಬರಂಗಿಲ್ಲ. ಆಕಿದು ಆಕಿಗೆ, ನಿಂದು ನಿನಗ," ಎಂದರು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಮುಂದೆ ಅವರೂ ಬಹಳ ದಿನ ಉಳಿಯಲಿಲ್ಲ. ಅವರು ಹೋದ ಮೇಲೆ ಸಿಂಧನೂರಿನಲ್ಲಿ ನನಗೆ ಉಳಿದದ್ದು ಆ ಬ್ಯಾಂಕೊಂದೇ.

ಅನುಕಂಪದ ಆಧಾರದ ಮೇಲೆ ನನಗೂ ನೌಕರಿ ಸಿಕ್ಕಿತು, ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿ. ಒಬ್ಬಳೇ ಹೆಂಗಸಿಗೆ ಮನೆ ಕೊಡುವವರು ಕಡಿಮೆ. ಕಡೆಗೆ ಒಬ್ಬ ನಿವೃತ್ತ ಕಾಂಪೌಂಡರರ ಹಿತ್ತಲಲ್ಲಿ ಒಂದೇ ಕೋಣೆ ಸಿಕ್ಕಿತು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವಳು ನಾನು. ಕೂಸನ್ನು ನೋಡಿಕೊಳ್ಳುವವರು ಯಾರು? ಮಸ್ಕಿಯಲ್ಲಿ ನನ್ನ ಅವ್ವ ಇದ್ದಳು, ತಮ್ಮ ಇದ್ದ, ಅವನ ಹೆಂಡತಿ ಇದ್ದಳು. "ಒಂದು ವರ್ಷ ನನ್ನ ಹತ್ರ ಇರ್ಲಿ, ನಿಂದೊಂದು ನೆಲಿ ಆಗ್ಲಿ," ಎಂದಳು ಅವ್ವ. ಒಂದು ವರ್ಷ ಎರಡಾಯಿತು, ಆಮೇಲೆ ಮಸ್ಕಿಯ ಸಾಲೆಗೇ ಹೆಸರು ಹಚ್ಚಿದೆವು. ಶನಿವಾರ ಮಧ್ಯಾಹ್ನ ಕಚೇರಿ ಮುಗಿಸಿ ಬಸ್ಸು ಹತ್ತಿ ಹೋಗುತ್ತಿದ್ದೆ, ಸೋಮವಾರ ಮೊದಲ ಬಸ್ಸಿಗೆ ವಾಪಸು.

ಮಗಳು ನನ್ನ ಅವ್ವನನ್ನು 'ಅವ್ವ' ಎಂದೇ ಕರೆಯುತ್ತಿದ್ದಳು. ತಮ್ಮ ನನ್ನನ್ನು ಕರೆಯುವುದನ್ನು ಕೇಳಿ ನನ್ನನ್ನು 'ಅಕ್ಕ' ಎನ್ನುತ್ತಿದ್ದಳು. ಮೊದಮೊದಲು ಎಲ್ಲರೂ ನಕ್ಕೆವು, ನಾನೂ ನಕ್ಕೆ. ತಿದ್ದಬೇಕೆಂದು ಹೊಳೆಯುವ ಹೊತ್ತಿಗೆ ರೂಢಿಯಾಗಿಬಿಟ್ಟಿತ್ತು.

ನಮ್ಮ ಕಚೇರಿಯಲ್ಲಿ ಫೆಬ್ರವರಿ ಬಂತೆಂದರೆ ಮಾತೆಲ್ಲ ತೆರಿಗೆಯದೇ. ಯಾರು ಎಷ್ಟು ಉಳಿತಾಯ ತೋರಿಸಿದರು, ಅಂಚೆ ಕಚೇರಿಯಲ್ಲಿ ಉಳಿತಾಯ ಪತ್ರ ಕೊಂಡರೋ, ವಿಮೆ ಕಟ್ಟಿದರೋ. ಮೊದಲೆಲ್ಲ ಉಳಿತಾಯವನ್ನು ವರಮಾನದಲ್ಲೇ ಕಳೆಯುತ್ತಿದ್ದರು. ತೊಂಬತ್ತರ ಹೊತ್ತಿಗೆ ಅದು ಬದಲಾಗಿ, ತೆರಿಗೆ ಲೆಕ್ಕ ಹಾಕಿದ ಮೇಲೆ ಅದರಲ್ಲಿ ಸ್ವಲ್ಪ ಬಿಡುವ ಪದ್ಧತಿ ಬಂತು. ತಿಂಗಳ ಕೊನೆಗೆ ಸಂಜೆ ಬಜೆಟ್ ಓದುವಾಗ ಗಂಡಸರೆಲ್ಲ ಹೋಟೆಲಿನ ರೇಡಿಯೊ ಮುಂದೆ ಸೇರುತ್ತಿದ್ದರು. ನಾನು ಕೋಣೆಯಲ್ಲಿ ನನ್ನ ಸಣ್ಣ ರೇಡಿಯೊ ಹಚ್ಚಿಕೊಂಡು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ನನಗೆ ಸಂಬಂಧಪಟ್ಟದ್ದು ಯಾವುದು, ಪಡದದ್ದು ಯಾವುದು ಎಂದು ಪೂರ್ತಿ ತಿಳಿಯುತ್ತಿರಲಿಲ್ಲ. ಮನೆಯೊಳಗೆ ಒಂದು ದನಿ ಇರಲಿ ಎಂದು ಕೇಳುತ್ತಿದ್ದೆ, ಅಷ್ಟೇ.

ಅಂಥ ಒಂದು ಬಜೆಟ್ಟಿನಲ್ಲೇ ಆ ಕಾನೂನು ಬಂದಿರಬೇಕು. ನಾನದನ್ನು ಗಮನಿಸಿರಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಒಮ್ಮೆ ಮಗಳ ಠೇವಣಿ ಮುಂದುವರಿಸಲು ಸಿಂಧನೂರಿಗೆ ಹೋದಾಗ ಬ್ಯಾಂಕಿನವರು ಹೇಳಿದರು: "ಮೇಡಮ್ಮೋರ, ಕಾಯ್ದೆ ಬದಲಾಗೈತ್ರಿ. ಸಣ್ಣ ಮಕ್ಕಳ ಬಡ್ಡಿ ಇನ್ನು ತಂದಿತಾಯಿ ಲೆಕ್ಕಕ್ಕ ಸೇರತೈತಿ. ಯಾರಾದ್ರೂ ವಕೀಲರನ್ನ ಕೇಳ್ರಿ."

ಗಂಜಿನ ಹತ್ತಿರ ಒಂದು ಮಾಳಿಗೆಯ ಮೇಲೆ ತೆರಿಗೆ ವಕೀಲರೊಬ್ಬರು ಕೂರುತ್ತಿದ್ದರು. ಅಕ್ಕಿ ಗಿರಣಿಯವರ, ಕಾಲುವೆ ನೀರಿಗೆಂದು ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಸಾಹುಕಾರರ ಲೆಕ್ಕ ನೋಡುವವರು. ನಿಜಾಮರ ಕಾಲದಲ್ಲಿ ಉರ್ದು ಸಾಲೆ ಕಲಿತ ಹಿರಿಯರು. ನನ್ನ ಮಾವನ ಪರಿಚಯ ಹೇಳಿದ ಮೇಲೆ ಕುರ್ಚಿ ತೋರಿಸಿದರು. ಸಂಬಳ, ಗಂಡನ ಪಿಂಚಣಿ, ಮಗಳ ಠೇವಣಿ ಎಲ್ಲ ಕೇಳಿ ಒಂದು ಹಾಳೆಯ ಮೇಲೆ ಗುರುತು ಹಾಕಿಕೊಂಡರು. ಆಮೇಲೆ ಕನ್ನಡಕ ತೆಗೆದು ಕೇಳಿದರು.

"ಕೂಸು ಯಾರ ಹತ್ರ ಅದ ತಂಗೀ?"

"ನಮ್ಮವ್ವನ ಹತ್ರ ರೀ. ಮಸ್ಕ್ಯಾಗ."

"ಸಾಕೋರು ಯಾರು?"

ರೊಕ್ಕ ನಾನು ಕೊಡುತ್ತೇನೆ, ಬಟ್ಟೆ ನಾನು ತರುತ್ತೇನೆ ಎಂದೆ. ಬಡಬಡ ಹೇಳಿದೆ, ಯಾರೋ ಜಗಳಕ್ಕೆ ಬಂದವರ ಹಾಗೆ. ಅವರು ಕೈ ಅಡ್ಡ ಮಾಡಿದರು.

"ಸಿಟ್ಟಾಗಬ್ಯಾಡ. ಕಾಯ್ದೆ ಕೇಳ್ತದ, ಅದಕ್ಕ ಕೇಳಿದೆ. ಮೊದಲು ಈ ಸರ್ಕಾರ ನಿನಗ, ನಿನ್ನ ಮಗಳಿಗೆ ಬ್ಯಾರೆ ಬ್ಯಾರೆ ಹಿಸಾಬು ಅಂತಿತ್ತು. ಈಗ ಇಬ್ಬರದೂ ಒಂದ ಅಂತದ. ತಂದಿ ಇಲ್ಲ, ತಾಯಿ ನೀ ಇದ್ದಿ. ಆಕಿ ಬಡ್ಡಿ ನಿನ್ನ ವರಮಾನ. ಸಂಬಳದಾಗ ಹಿಡಿದದ್ದು ಸಾಲಂಗಿಲ್ಲ, ಇನ್ನೊಂದಿಷ್ಟು ಕಟ್ಟಬೇಕಾಗ್ತದ. ಆ ಬಡ್ಡಿ ನಿನ್ನ ಕೈಗೆ ಬರಂಗಿಲ್ಲ ಅಂತ ಗೊತ್ತದ, ಆದ್ರೂ ಕಟ್ಟಬೇಕು."

ಅವರು ಬರೆದುಕೊಟ್ಟ ತೆರಿಗೆ ರಿಟರ್ನಿಗೆ ಸಹಿ ಮಾಡಿದೆ. ನನ್ನ ಸಂಬಳದ ಕೆಳಗೆ ಪಿಂಚಣಿ, ಅದರ ಕೆಳಗೆ ಮಗಳ ಹೆಸರು, ಎದುರಿಗೆ ಅವಳ ಬಡ್ಡಿ. ಸಾಲೆಯ ದಾಖಲೆಯಲ್ಲಿ ಪಾಲಕರ ಜಾಗದಲ್ಲಿ ನನ್ನ ತಮ್ಮನ ಸಹಿ ಇತ್ತು. ಪಡಿತರ ಚೀಟಿಯಲ್ಲಿ ಅವಳು ಮಸ್ಕಿಯವಳು. ನಮ್ಮಿಬ್ಬರನ್ನು ಒಂದೇ ಮನೆಯವರೆಂದು ಬರೆದ ಕಾಗದ ಅದೊಂದೇ ಎಂದು ಮೆಟ್ಟಿಲಿಳಿಯುವಾಗ ಅನ್ನಿಸಿ ಕಣ್ಣು ಮಂಜಾಯಿತು. ತೆರಿಗೆ ಹೆಚ್ಚಾದದ್ದಕ್ಕೆ ಅಳುತ್ತಿದ್ದೇನೆಂದು ಕೆಳಗಿನ ಅಂಗಡಿಯವರು ತಿಳಿದಿರಬೇಕು. "ಇರ್ಲಿ ಬಿಡ್ರವ್ವ, ಎಲ್ಲಾರಿಗೂ ಹಂಗ ಆಗ್ಯಾದ," ಎಂದರು.

ಆ ದಿನ ಲಿಂಗಸುಗೂರಿಗೆ ಟಿಕೆಟ್ ತೆಗೆದಿದ್ದರೂ ಮಸ್ಕಿಯಲ್ಲಿ ಇಳಿದೆ. ವಾರದ ನಡುವೆ ಬಂದದ್ದು ನೋಡಿ ಅವ್ವ ಗಾಬರಿಯಾದಳು.

"ಈ ಸರತಿ ಸಾಲಿ ಮುಗಿದ ಮ್ಯಾಲ ಆಕಿನ್ನ ಕರಕೊಂಡು ಹೋಗ್ತೀನವ್ವ," ಎಂದೆ.

ಅವ್ವ ಕಡಲೆ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ನಿನ್ನ ಮಗಳು. ನಾ ಬ್ಯಾಡ ಅಂತೀನೇನು? ಆದ್ರ ಆಕಿನ್ನ ಕೇಳಿಯೇನು?"

ಕೇಳಿರಲಿಲ್ಲ. ಬೇಸಿಗೆ ರಜೆ ಮುಗಿಯುವಾಗ ಹೊಸ ಟ್ರಂಕು ಕೊಡಿಸಿ, ಲಿಂಗಸುಗೂರಿನ ಹೈಸ್ಕೂಲು ದೊಡ್ಡದು, ಅಲ್ಲಿ ಪ್ರಯೋಗಶಾಲೆ ಇದೆ ಎಂದೆಲ್ಲ ಹೇಳಿದೆ. ಅವಳು "ಹೂಂ" ಎಂದಳು. ಅತ್ತಿದ್ದರೆ, ಹಟ ಮಾಡಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮಸ್ಕಿಯ ಗುಡ್ಡ ಕಾಣುವಷ್ಟು ದೂರವೂ ಕುತ್ತಿಗೆ ತಿರುಗಿಸಿಕೊಂಡೇ ಇದ್ದಳು.

ಎರಡು ಕೋಣೆಯ ಮನೆ ಹಿಡಿದೆ. ಒಂದು ಅವಳಿಗೇ ಎಂದು ಬಿಟ್ಟುಕೊಟ್ಟದ್ದು ತಪ್ಪಾಯಿತೋ ಏನೋ, ಅದರೊಳಗೇ ಇರುತ್ತಿದ್ದಳು. ನಾನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಪಾತ್ರೆ ತೊಳೆ ಎಂದರೆ ತೊಳೆಯುತ್ತಿದ್ದಳು. ಬೀಗರ ಮನೆಗೆ ಬಂದವರು ಎಷ್ಟು ಮರ್ಯಾದೆಯಿಂದ ಇರುತ್ತಾರೋ ಅಷ್ಟು ಮರ್ಯಾದೆ. ಇಷ್ಟು ವರ್ಷ ಒಬ್ಬಳೇ ಇದ್ದವಳಿಗೆ ಎದುರಿಗೊಂದು ತಾಟು ಇಟ್ಟುಕೊಂಡು ಉಣ್ಣುವುದೇ ಸಂಭ್ರಮವಾಗಬೇಕಿತ್ತು. ಅವಳು ತಲೆ ತಗ್ಗಿಸಿ ಉಂಡು ಎದ್ದು ಹೋಗುವಾಗ, ಆ ಹಿತ್ತಲ ಕೋಣೆಯಲ್ಲೂ ಇಲ್ಲದ ಒಂಟಿತನ ನನ್ನನ್ನು ಹಿಡಿಯುತ್ತಿತ್ತು. ಯಾರೂ ಇಲ್ಲದಾಗ ಯಾರ ದಾರಿಯನ್ನೂ ಕಾಯಬೇಕಿರಲಿಲ್ಲ.

ಆ ವರ್ಷ ಜೋಳದ ಸುಗ್ಗಿಯ ಹೊತ್ತಿಗೆ ಒಂದು ಸಂಜೆ ಕಚೇರಿಯಿಂದ ಬಂದಾಗ ಬಾಗಿಲಿಗೆ ಬೀಗವಿತ್ತು. ಪಕ್ಕದ ಮನೆಯ ಹೆಂಗಸು ಹೊರಗೆ ಬಂದು ಮೆಲ್ಲಗೆ ಹೇಳಿದಳು.

"ನಮ್ಮ ಮನ್ಯಾಗ ಕುಂತಾಳ್ರಿ. ದೊಡ್ಡಾಕಿ ಆಗ್ಯಾಳ. ಮಧ್ಯಾಹ್ನ ಸಾಲಿಯಿಂದ ಅಳಕೋತ ಬಂದ್ಳು."

"ನನ್ನ ಆಫೀಸು ಇಲ್ಲೇ ಐತಲ್ರಿ. ಹೇಳಿ ಕಳಸಬಾರದಿತ್ತಾ?"

ಅವಳು ಸೆರಗು ಸರಿಮಾಡಿಕೊಂಡಳು. "ನಾ ಅಂದೆ ರೀ. ಆಕಿ ಬ್ಯಾಡ ಅಂದ್ಳು. ಮಸ್ಕಿಗೆ ಹೋಗಬೇಕು, ಅವ್ವಗ ಹೇಳಬೇಕು ಅಂತ ಒಂದ ಹಟ."

ಒಳಗೆ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಮೊಣಕಾಲಲ್ಲಿ ಮುಖ ಹುದುಗಿಸಿಕೊಂಡಳು. ಹತ್ತಿರ ಕೂತು ಬೆನ್ನ ಮೇಲೆ ಕೈ ಇಟ್ಟೆ. ಕೊಡವಲಿಲ್ಲ, ಒರಗಲೂ ಇಲ್ಲ. ಮರುದಿನ ರಜೆ ಹಾಕಿ ಮಸ್ಕಿಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಅವ್ವನನ್ನು ಕಂಡದ್ದೇ ಅವಳ ಅಳುವೆಲ್ಲ ಹೊರಗೆ ಬಂತು. ಅವ್ವ ಅವಳನ್ನು ಎದೆಗೆ ಒತ್ತಿಕೊಂಡು, ಅವಳ ತಲೆಯ ಮೇಲಿಂದ ನನ್ನನ್ನು ನೋಡಿದಳು. ಆ ನೋಟದಲ್ಲಿ ಗೆದ್ದ ಹೆಮ್ಮೆ ಇರಲಿಲ್ಲ, ಸಂಕೋಚವಿತ್ತು. ಆರತಿ ಮಾಡಿದ ದಿನ ಓಣಿಯ ಹೆಂಗಸರು ಉಡಿ ತುಂಬಿದರು, ಹಾಡು ಹೇಳಿದರು. ಎಲೆ ಅಡಿಕೆ ಕೊಡುವ ಹೊತ್ತಿಗೆ, ಪರ ಊರಿನಿಂದ ಯಾರದೋ ಮನೆಗೆ ಬಂದಿದ್ದ ಒಬ್ಬ ಮುದುಕಿ ನನ್ನನ್ನು, "ನೀ ಹುಡುಗಿಗೆ ಏನಾಗಬೇಕವ್ವ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಜೋರಾಗಿ, "ಹಡದಾಕಿ ಬೇ ಆಕಿ, ಹಡದಾಕಿ," ಎಂದಳು. ಹಾಡು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಆ ರಾತ್ರಿ ಮಗಳನ್ನು ಕೇಳಿದೆ. ಮೊದಲೇ ಕೇಳಬೇಕಿದ್ದ ಮಾತು.

"ಇಲ್ಲೇ ಇರ್ತೀಯೇನು?"

"ಪರೀಕ್ಷಾ ಮುಗಿಯೋತನ ಅಲ್ಲೇ ಇರ್ತೀನಿ. ಆಮ್ಯಾಲ ನೋಡೂಣು," ಎಂದಳು.

ಪರೀಕ್ಷೆ ಮುಗಿಯಿತು. ಆಮೇಲೆ ಅದರ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೀಗೆ ಅವಳು ಲಿಂಗಸುಗೂರಿನಲ್ಲೇ ಹತ್ತನೇ ತರಗತಿ ಮುಗಿಸಿದಳು, ಕಾಲೇಜು ಸೇರಿದಳು. ಶನಿವಾರ ಇಬ್ಬರೂ ಕೂಡಿ ಮಸ್ಕಿಗೆ ಹೋಗುತ್ತಿದ್ದೆವು. ನಮ್ಮ ನಡುವೆ ಮಾತು ಬೆಳೆದದ್ದು ಬಹುಪಾಲು ಆ ಬಸ್ಸಿನಲ್ಲೇ. ಅಪ್ಪ ಹೇಗಿದ್ದರು ಎಂದು ಒಮ್ಮೆ ಕೇಳಿದಳು. ಹೇಳಲು ಹೊರಟರೆ ನನಗೇ ಅವರ ಮುಖ ಫೋಟೊದಲ್ಲಿ ಇದ್ದಷ್ಟೇ ನೆನಪಿತ್ತು. ಚಹಾ ಬಸಿಯಲ್ಲಿ ಹಾಕಿಕೊಂಡು ಕುಡಿಯುತ್ತಿದ್ದರು ಎಂದೆ. ಅವಳು ನಕ್ಕಳು. ನನ್ನನ್ನು ಮಾತ್ರ 'ಅಕ್ಕ' ಎಂದೇ ಕರೆಯುತ್ತಿದ್ದಳು. ಬದಲಿಸು ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಆಮೇಲಾಮೇಲೆ ಬೇಕೆಂದೂ ಅನ್ನಿಸಲಿಲ್ಲ.

ಪ್ರತಿ ವರ್ಷ ಮಳೆಗಾಲದ ಶುರುವಿಗೆ ರಿಟರ್ನು ಬರೆಸಲು ಸಿಂಧನೂರಿಗೆ ಹೋಗುವುದು ನಡೆದೇ ಇತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಅವಳಿಗೆ ಹದಿನೆಂಟು ತುಂಬಿತು. ರಾಯಚೂರಿನಲ್ಲಿ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತ್ತು. ಠೇವಣಿಯನ್ನು ಅವಳ ಸಹಿಯಿಂದಲೇ ಬಿಡಿಸಿಕೊಂಡು ಶುಲ್ಕ ಕಟ್ಟಬೇಕಿತ್ತು. ಹಾಗೇ ವಕೀಲರ ಮಾಳಿಗೆಗೂ ಹತ್ತಿದೆವು. ಆ ಹೊತ್ತಿಗೆ ಒಂದೇ ಹಾಳೆಯ ಹೊಸ ನಮೂನೆ ಬಂದಿತ್ತು. ವಕೀಲರಿಗೆ ಕೈ ನಡುಗುತ್ತಿತ್ತು, ಬರೆಯುವುದನ್ನು ಬಿಟ್ಟಿದ್ದರು, ನೋಡಿ ಹೇಳುವುದಷ್ಟೇ.

"ಇನ್ನ ನನ್ನ ಹತ್ರ ಬರೋ ಜರೂರತ್ ಇಲ್ಲ ತಂಗೀ. ಒಂದ ಹಾಳಿ, ನೀನ ತುಂಬು," ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಇನ್ನ ಮ್ಯಾಲ ನಿಂದು ಬ್ಯಾರೆ ಲೆಕ್ಕವ್ವ. ಅವ್ವನ ಲೆಕ್ಕದಿಂದ ಹೊರಗ ಬಂದಿ," ಎಂದರು.

ಅವಳು ನನ್ನ ಕಡೆ ನೋಡುತ್ತಲೇ ಅವರನ್ನು, "ಬ್ಯಾರೆ ಆಗಲೇಬೇಕೇನ್ರಿ?" ಎಂದು ಕೇಳಿದಳು. ಕಾನೂನಿನ ಬಗ್ಗೆ ಕೇಳಿದಳೋ, ತಮಾಷೆಗೋ ನನಗೆ ತಿಳಿಯಲಿಲ್ಲ. ವಕೀಲರು ತಿಳಿದವರಂತೆ ನಕ್ಕರು.

ಅವಳು ಅಲ್ಲಿಂದಲೇ ಹಾಸ್ಟೆಲ್ಲಿಗೆ ಹೊರಟಿದ್ದಳು; ಬಸ್ ನಿಲ್ದಾಣದಲ್ಲಿ ರಾಯಚೂರಿನ ಬಸ್ಸೇ ಮೊದಲು ಬಂತು. ಟ್ರಂಕನ್ನು ಕಂಡಕ್ಟರು ಮೇಲೆ ಹಾಕಿದ. ಅವಳು ಒಳಗಿಂದ ಕೈ ಚಾಚಿ ನನ್ನ ಹೆಗಲ ಮೇಲೆ ಸಡಿಲವಾಗಿದ್ದ ಚೀಲದ ಪಟ್ಟಿಯನ್ನು ಸರಿಮಾಡಿ, "ಮುಟ್ಟಿದ ಮ್ಯಾಲ ಆಫೀಸಿಗೆ ಫೋನ್ ಮಾಡ್ತೀನಿ," ಎಂದಳು. ಬಸ್ಸು ಹೋದ ಮೇಲೂ ಬಹಳ ಹೊತ್ತು ನಿಂತಿದ್ದೆ. ಲಿಂಗಸುಗೂರಿನ ಒಂದು ಬಸ್ಸು ಬಂದು ಹೋದದ್ದೂ ಗೊತ್ತಾಗಲಿಲ್ಲ.

ಮರುದಿನ ಫೋನು ಬಂತು. ಸಾಹೇಬರ ಕೋಣೆಯಲ್ಲಿ ನಿಂತು ಮಾತನಾಡಬೇಕು, ಎಲ್ಲರಿಗೂ ಕೇಳಿಸುತ್ತದೆ. ಹಾಸ್ಟೆಲ್ಲಿನ ಊಟ ಹೇಗಿದೆ ಎಂದೆ, ಸಾರು ನೀರು ನೀರು ಎಂದಳು. ಅಲ್ಲಿ ಮಳೆ ಬಂತೇ ಎಂದಳು, ಇಲ್ಲ ಎಂದೆ. ಮಾತು ಅಲ್ಲಿಗೆ ಮುಗಿಯಿತು. ಫೋನನ್ನು ಮಾತ್ರ ಅವಳೂ ಇಡಲಿಲ್ಲ, ನಾನೂ ಇಡಲಿಲ್ಲ. ತಂತಿಯೊಳಗೆ ಗಾಳಿಯಂಥ ಸದ್ದು ಕೇಳುತ್ತ, ಸಾಹೇಬರು ಕೆಮ್ಮುವವರೆಗೂ ಹಾಗೇ ನಿಂತಿದ್ದೆ.