ಲಿಂಗಸುಗೂರಿನ ಸಂದರ್ಶನದಲ್ಲಿ ನಾನು ಹೇಳಿದ್ದು

ಅತ್ತಿಗೆ ತೀರಿಕೊಂಡ ಎರಡನೇ ವರ್ಷ ನನಗೆ ಎರಡು ಕಡೆಯಿಂದ ಸಂದರ್ಶನದ ಕಾಗದ ಬಂದವು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹದಿನೆಂಟು. ಎಸ್ಸೆಸ್ಸೆಲ್ಸಿ ಪಾಸಾಗಿ ಮಸ್ಕಿಯ ಮನೆಯಲ್ಲೇ ಇದ್ದೆ. ಅತ್ತಿಗೆ ಹಡೆದು ಬಿಟ್ಟುಹೋದ ಹೆಣ್ಣುಕೂಸನ್ನು ಅವ್ವನೂ ನಾನೂ ಸಾಕುತ್ತಿದ್ದೆವು.

ನರ್ಸ್ ತರಬೇತಿಯ ಅರ್ಜಿ ತಂದವನು, ತುಂಬಿದವನು, ಅಂಚೆಗೆ ಹಾಕಿದವನು ಎಲ್ಲ ಅಣ್ಣನೇ. ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಟೇಲರ್ ಅಂಗಡಿ ಇತ್ತು. ಹೆಂಡತಿ ಹೋದ ಮೇಲೆ ಮಾತು ಕಡಿಮೆ ಮಾಡಿದ್ದವನು ಈ ವಿಷಯ ಬಂದರೆ ಮಾತ್ರ ಬಿಡದೆ ಆಡುತ್ತಿದ್ದ. "ನಮ್ಮನ್ಯಾಗ ಒಬ್ಬರಿಗಾದ್ರೂ ಈ ವಿದ್ಯಾ ಗೊತ್ತಿರಬೇಕಿತ್ತು. ಇದ್ದಿದ್ರ ಆಕಿ ಉಳೀತಿದ್ಲು," ಎನ್ನುತ್ತಿದ್ದ. ಆಮೇಲೆ ನನ್ನ ಕಡೆ ನೋಡಿ, "ಪಾಪ, ನೀನರ ಏನ್ ಮಾಡ್ತಿ, ಊರೆಲ್ಲಾ ಓಡ್ಯಾಡಿ ಬಂದಿ," ಎಂದು ಸೇರಿಸುತ್ತಿದ್ದ. ಆ ಮಾತು ಬಂದಾಗಲೆಲ್ಲ ನಾನು ಕೂಸನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಮೊದಲನೇ ಸಂದರ್ಶನ ಸಿಂಧನೂರಿನಲ್ಲಿ. ಕಾಲುವೆ ನೀರು, ಭತ್ತದ ಗದ್ದೆ, ರೈಸ್ ಮಿಲ್ಲು ಎಂದು ಊರು ಬೆಳೆದ ಹಾಗೆ ಅಲ್ಲಿ ಖಾಸಗಿ ನರ್ಸಿಂಗ್ ಹೋಮುಗಳೂ ಎದ್ದಿದ್ದವು. ಅಂಥದ್ದೊಂದರಲ್ಲಿ ಡಾಕ್ಟರರು ತಾವೇ ಹುಡುಗಿಯರಿಗೆ ಎರಡು ವರ್ಷ ತರಬೇತಿ ಕೊಟ್ಟು ಸಹಾಯಕ್ಕೆ ಇಟ್ಟುಕೊಳ್ಳುತ್ತಿದ್ದರು. ಇಂಜೆಕ್ಷನ್, ಸಲೈನ್, ಡ್ರೆಸ್ಸಿಂಗ್, ಆಪರೇಷನ್ ಹೊತ್ತಿನಲ್ಲಿ ಪಕ್ಕಕ್ಕೆ ನಿಲ್ಲುವುದು. ಅಣ್ಣನಿಗೆ ಅದೇ ಇಷ್ಟ. ನಾನು ವಾರಕ್ಕೊಮ್ಮೆ ಬಸ್ ಹತ್ತಿ ಬಂದು ಕೂಸಿನ ಮುಖ ನೋಡಬಹುದು ಎಂಬುದು ಅವನ ಲೆಕ್ಕ.

ಡಾಕ್ಟರರು ನನ್ನ ಕೈಗೆ ಒಂದು ಮಾತ್ರೆಯ ಸ್ಟ್ರಿಪ್ಪು ಕೊಟ್ಟು ಹೆಸರು ಓದಿಸಿದರು. "ರಕ್ತ ನೋಡಿದ್ರ ತಲಿ ತಿರುಗತೈತೇನು?" ಎಂದು ಕೇಳಿದರು. "ಇಲ್ಲರಿ," ಎಂದೆ. ಅಣ್ಣನ ಕಡೆ ತಿರುಗಿ, "ಲಗೂನ ಮದುವಿ ಮಾಡಂಗಿಲ್ಲ ಹೌದಲ್ಲೋ? ಕಲಿಸಿದ ಮ್ಯಾಲ ಓಡಿ ಹೋಗ್ತಾವ ಇವು," ಎಂದರು. ಅಷ್ಟಕ್ಕೇ ಸಂದರ್ಶನ ಮುಗಿದು ನಾನು ಆಯ್ಕೆಯಾಗಿದ್ದೆ.

ಅಣ್ಣ ಚಹಾ ಕುಡಿಯಲು ಹೋದಾಗ ನಾನು ವರಾಂಡದಲ್ಲಿ ನಿಂತಿದ್ದೆ. ಮೂವತ್ತು ದಾಟಿದ ನರ್ಸಮ್ಮನೊಬ್ಬಳು ಬಕೆಟ್ಟಿನಲ್ಲಿ ರಕ್ತದ ಬಟ್ಟೆ ನೆನೆಹಾಕುತ್ತಿದ್ದಳು. ಹೊಸಬಳು ಎಂದು ತಿಳಿದು ತಗ್ಗಿದ ದನಿಯಲ್ಲಿ ಹೇಳಿದಳು: "ಕೆಲಸ ಚಲೋ ಕಲಿಸ್ತಾರವ್ವಾ, ಸುಳ್ಳ ಯಾಕ ಹೇಳಲಿ. ಆದ್ರ ಇಲ್ಲಿ ಕಲ್ತದ್ದು ಇಲ್ಲೇ ನಡಿತೈತಿ. ಬ್ಯಾರೆ ದವಾಖಾನ್ಯಾಗ ಈ ಸರ್ಟಿಫಿಕೇಟ್ ನೋಡಿ ನಗ್ತಾರ." ಬಸ್ಸಿನಲ್ಲಿ ಇದನ್ನು ಹೇಳಿದರೆ ಅಣ್ಣ, "ಎಲ್ಲಾರಿಗೂ ತಮ್ಮ ತಮ್ಮ ಕೆಲಸ ಬ್ಯಾಸರನ," ಎಂದು ತಳ್ಳಿಹಾಕಿದ.

ಎರಡನೆಯದು ಸರ್ಕಾರದ್ದು. ಕಿರಿಯ ಆರೋಗ್ಯ ಸಹಾಯಕಿಯ ತರಬೇತಿ, ಒಂದೂವರೆ ವರ್ಷ, ದೂರದ ಊರಿನಲ್ಲಿ. ಮುಗಿದ ಮೇಲೆ ಯಾವುದೋ ಹಳ್ಳಿಗೆ ಹಾಕುತ್ತಾರೆ. ಹೆರಿಗೆ, ಲಸಿಕೆ, ಮನೆ ಮನೆ ತಿರುಗಾಟ. ಆ ಸಲ ನಮ್ಮ ಕಡೆಯ ಹುಡುಗಿಯರ ಸಂದರ್ಶನವನ್ನು ಲಿಂಗಸುಗೂರಿನ ದವಾಖಾನೆಯಲ್ಲೇ ಇಟ್ಟಿದ್ದರು. ಅಣ್ಣ ಮನಸ್ಸಿಲ್ಲದಿದ್ದರೂ ಜೊತೆಗೆ ಬಂದ.

ಉರಿಬಿಸಿಲು. ಕೋಣೆಯ ಕಿಟಕಿಗಳೆಲ್ಲ ತೆರೆದಿದ್ದವು. ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ, ನೆರಳಿದ್ದ ಕಡೆ, ಹುಡುಗಿಯರ ಜೊತೆ ಬಂದವರು ಕುಳಿತಿದ್ದರು. ಅಣ್ಣನೂ ಅಲ್ಲೇ ಕುಳಿತ. ಅದನ್ನು ನಾನು ನೋಡಿದ್ದೆ. ನೋಡಿಯೂ ಒಳಗೆ ಹೋದ ಮೇಲೆ ನನಗೆ ನೆನಪಾಗಲಿಲ್ಲವೋ, ಇಲ್ಲಾ ನೆನಪಿದ್ದೇ ಹೇಳಿದೆನೋ, ಇವತ್ತಿಗೂ ಖಚಿತವಿಲ್ಲ.

ಒಳಗೆ ಒಬ್ಬ ಡಾಕ್ಟರಮ್ಮ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ವಾಂತಿಭೇದಿಗೆ ಏನು ಕುಡಿಸುತ್ತಿ, ಕೂಸಿಗೆ ಯಾವ ಯಾವ ಲಸಿಕೆ ಎಂದೆಲ್ಲ ಕೇಳಿದರು. ಹೇಳಿದೆ. ಆಮೇಲೆ, "ಈ ಕೆಲಸಕ್ಕ ಯಾಕ ಬರಬೇಕಂತಿ?" ಎಂದರು. ನನಗಿಂತ ಮುಂಚಿನ ಹುಡುಗಿಯರು ಜನಸೇವೆ ಎಂದು ಹೇಳಿ ಬಂದಿದ್ದರು. ನಾನೂ ಅದನ್ನೇ ಹೇಳಬೇಕೆಂದು ಬಾಯಿಪಾಠ ಮಾಡಿದ್ದೆ.

"ನಮ್ಮತ್ತಿಗಿ ಹಡದ ದಿನಾನ ತೀರಿಕೊಂಡ್ಳರಿ. ರಕ್ತ ನಿಲ್ಲಲಿಲ್ಲ."

"ನರ್ಸನ್ನ ಕರೀಲಿಲ್ಲೇನು?"

"ಅಣ್ಣ ಊರಾಗ ಇರಲಿಲ್ಲ, ಕರಿಯಾಕ ನಾನ ಹೋಗಿದ್ನಿರಿ. ಅವರು ಲಸಿಕಿ ಹಾಕಾಕ ಹಳ್ಳಿಗೆ ಹೋಗಿದ್ರು. ಬರ್ತಾರ, ಕುಂದ್ರು ಅಂದ್ರು ಸರ್ಕಾರಿ ದವಾಖಾನ್ಯಾಗಿದ್ದ ಆಯಾ."

"ಊರಾಗ ಬ್ಯಾರೆ ಡಾಕ್ಟರು ಇರಲಿಲ್ಲೇನು?"

ಡಾಕ್ಟರಮ್ಮ ಅವಸರ ಮಾಡಲಿಲ್ಲ.

"ಇದ್ರುರಿ. ಎರಡ ಓಣಿ ದಾಟಿದ್ರ ಅವರ ದವಾಖಾನಿ. ಆದ್ರ ಅವರು ಗಂಡಸರು. ಎಲ್ಲಿಂದ ರಕ್ತ ಹೊಂಟೈತಿ ಅಂತ ಅವರ ಮುಂದ ಹೆಂಗ ಹೇಳಲಿ ಅಂತ ನಾಚಿಕಿ ಆತು. ಹೋಗಲಿಲ್ಲರಿ. ಅಲ್ಲೇ ಕುಂತೆ. ಬೆಳಿಗ್ಗೆ ಹೋದಾಕಿ ಮಧ್ಯಾಹ್ನದತನ ಕುಂತೆ."

"ಮನ್ಯಾಗ ಏನ್ ಹೇಳ್ದಿ?"

"ಡಾಕ್ಟರ ಬಾಗಿಲಾ ಹಾಕಿತ್ತು ಅಂತ ಸುಳ್ಳ ಹೇಳೀನ್ರಿ."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ್ದ. ಡಾಕ್ಟರಮ್ಮ ನನ್ನನ್ನು ಸಮಾಧಾನ ಮಾಡಲಿಲ್ಲ. ಸಣ್ಣವಳಿದ್ದಿ, ನಿನ್ನ ತಪ್ಪಲ್ಲ ಎಂದು ಅನ್ನಲಿಲ್ಲ. "ಹೋಗಬೇಕಿತ್ತು ನೀನು," ಎಂದಷ್ಟೇ ಹೇಳಿ, ನನ್ನ ಅರ್ಜಿಯ ಮೇಲೆ ಏನೋ ಬರೆದು, "ಹೊರಗ ಕುಂದ್ರು," ಎಂದರು.

ಹೊರಗೆ ಬಂದಾಗ ಅಣ್ಣ ಕಟ್ಟೆಯ ಮೇಲಿರಲಿಲ್ಲ. ಗೇಟಿನ ಆಚೆ ಬಿಸಿಲಿನಲ್ಲಿ ನಿಂತಿದ್ದ. ನಾವಿಬ್ಬರೂ ಬಸ್ ಹತ್ತಿದೆವು. ದಾರಿಯಲ್ಲಿ ಅರ್ಧ ಬಂದ ಮೇಲೆ, ಮುಂದಿನ ಸೀಟಿನ ಕಬ್ಬಿಣ ಹಿಡಿದುಕೊಂಡು ಕೇಳಿದ.

"ಆ ದಿನ ಅವರ ಬಾಗಿಲಾ ತಗದಿತ್ತೇನು?"

"ಗೊತ್ತಿಲ್ಲಣ್ಣ. ನಾ ಆ ಕಡಿ ಹೋಗಲೇ ಇಲ್ಲ."

"ಎರಡ ವರ್ಷದಾಗ ಒಂದ ದಿನರ ನನ್ನ ಮುಂದ ಹೇಳಬಾರದಿತ್ತೇನು? ಯಾರೋ ಗುರುತಿಲ್ಲದವರ ಮುಂದ ಹೇಳ್ದಿ."

ನಾನು ಅತ್ತೆ. ಅವನು ಕಿಟಕಿಯ ಕಡೆ ಮುಖ ಮಾಡಿದ.

ಈ ಎರಡು ವರ್ಷ ಅಣ್ಣ ಆ ಡಾಕ್ಟರರನ್ನು ಕಂಡಲ್ಲಿ ಬೈದಿದ್ದ. ಹೊತ್ತಿಗೆ ಬಾಗಿಲು ಹಾಕಿಕೊಂಡು ಕೂರುವ ಕಟುಕ ಎಂದು ಅಂಗಡಿಗೆ ಬಂದವರ ಮುಂದೆಲ್ಲ ಹೇಳಿದ್ದ. ಅವರು ಹೊಲಿಯಲು ಕಳಿಸಿದ ಬಟ್ಟೆಯನ್ನು ಮುಟ್ಟದೆ ವಾಪಸು ಕಳಿಸಿದ್ದ. ಮಸ್ಕಿಯಲ್ಲಿ ಇಳಿದ ಮೇಲೆ ನನಗೆ, "ನೀ ಮನಿಗೆ ನಡಿ," ಎಂದು ಆ ಡಾಕ್ಟರರ ಓಣಿಯ ಕಡೆ ಹೋದ. ಅಲ್ಲಿ ಏನು ಹೇಳಿದನೋ, ಅವರು ಏನು ಅಂದರೋ ನನಗೆ ತಿಳಿಯಲಿಲ್ಲ. ಮನೆಗೆ ಬಂದವನು ಕೈಕಾಲು ತೊಳೆದುಕೊಂಡು ಕೂಸನ್ನು ಎತ್ತಿಕೊಂಡ. ಅವ್ವ, "ಸಂದರ್ಶನ ಹೆಂಗಾತಪಾ?" ಎಂದರೆ, "ಚಲೋ ಮಾತಾಡ್ಯಾಳ," ಎಂದ. ಅವ್ವನ ಮುಂದೆ ಅವನು ಅದನ್ನು ಎಂದೂ ಬಿಚ್ಚಲಿಲ್ಲ.

ತಿಂಗಳೊಳಗೆ ಸರ್ಕಾರದ ಆಯ್ಕೆ ಪತ್ರ ಬಂತು. ಸಿಂಧನೂರಿನ ಡಾಕ್ಟರರೂ ಯಾವಾಗ ಬರುತ್ತಾಳೆ ಎಂದು ಹೇಳಿಕಳಿಸಿದ್ದರು. ಎರಡೂ ಬಾಗಿಲು ತೆರೆದಿದ್ದವು. ಅಣ್ಣನನ್ನು ಕೇಳಿದೆ. ಮಷೀನು ತುಳಿಯುವುದನ್ನು ನಿಲ್ಲಿಸದೆ, "ನಿನಗ ತಿಳದದ್ದು ಮಾಡು," ಎಂದ. ಹತ್ತಿರದಲ್ಲಿರು ಎಂದು ಒಂದು ಮಾತು ಅವನ ಬಾಯಿಂದ ಬಂದಿದ್ದರೆ ಆ ಸರ್ಟಿಫಿಕೇಟ್ ಬೇರೆ ಕಡೆ ನಡೆಯದಿದ್ದರೂ ನಾನು ಸಿಂಧನೂರಿಗೆ ಹೋಗುತ್ತಿದ್ದೆ. ಎರಡು ದಿನ ಕಾದೆ. ಬರಲಿಲ್ಲ. ಮೂರನೇ ದಿನ ಸರ್ಕಾರದ ತರಬೇತಿಗೆ ಒಪ್ಪಿಗೆ ಬರೆದೆ.

ಹಳ್ಳಿಯ ಹೆಂಗಸರಿಗೆ ಗಂಡಸರ ಮುಂದೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಒಬ್ಬಳು ಬೇಕು, ಅದಕ್ಕೇ ಹೋದೆ ಎಂದು ಮುಂದೆ ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಅದೂ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಆ ಮನೆಯಿಂದ ದೂರ ಹೋಗಬೇಕಿತ್ತು. ಹೊರಡುವ ದಿನ ಅಣ್ಣ ನನ್ನ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿ, ಹಗ್ಗ ಬಿಗಿಯಾಗಿದೆಯೋ ಎಂದು ಎರಡು ಸಲ ಎಳೆದು ನೋಡಿ, ಬಸ್ಸು ಹೊರಡುವ ಮುಂಚೆಯೇ ಅಂಗಡಿಗೆ ಹೋದ.

ತೊಂಬತ್ತರ ದಶಕವೆಲ್ಲ ನಾನು ಸಾಲಗುಂದ, ವಳಕಮದಿನ್ನಿ ಹಳ್ಳಿಗಳ ಸುತ್ತ ಕಳೆದೆ. ಗದ್ದೆಯ ಬದುವಿನ ಮೇಲೆ ಲಸಿಕೆಯ ಡಬ್ಬಿ ಹಿಡಿದು ನಡೆದೆ. ಬಹಳ ಹೆರಿಗೆ ಮಾಡಿಸಿದೆ. ಹೆಚ್ಚಿನವು ಸುಸೂತ್ರವಾದವು. ಆಗದವೂ ಇವೆ. ಆ ಹೆಂಗಸರ ಮುಖಗಳು ನೆನಪಿನಲ್ಲಿವೆ, ಸುಸೂತ್ರವಾದವು ಮರೆತುಹೋಗಿವೆ.

ಅಣ್ಣ ಎರಡನೇ ಮದುವೆಯಾಗಿ ಅಂಗಡಿಯನ್ನು ಮುದಗಲ್ಲಿಗೆ ಸಾಗಿಸಿದ. ಕೂಸನ್ನೂ ಕರೆದುಕೊಂಡು ಹೋದ. ರಜೆ ಸಿಕ್ಕಾಗ ಹೋಗುತ್ತಿದ್ದೆ. ಹೋದರೆ ಚಹಾ ತರಿಸುತ್ತಿದ್ದ, ಬಸ್ಸು ಖಾಲಿ ಇತ್ತೇನು ಎಂದು ಕೇಳುತ್ತಿದ್ದ, ಹುಡುಗಿಯ ಶಾಲೆಯ ವಿಷಯ ಹೇಳುತ್ತಿದ್ದ. ನನ್ನ ಕೆಲಸದ ಬಗ್ಗೆ ಒಂದೇ ಒಂದು ಸಲವೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಚಹಾ ಮುಗಿದ ಮೇಲೆ ಸ್ವಲ್ಪ ಹೊತ್ತು ಕುಳಿತು, ಅವನು ಕತ್ತರಿ ಕೈಗೆತ್ತಿಕೊಂಡಾಗ ಎದ್ದು ಬರುತ್ತಿದ್ದೆ.