ಕಪಾಟಿನೊಳಗೆ ಬೆವರುತ್ತಿದ್ದ ಅಂಗಿ

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ಮಣಿಪಾಲದ ಕಾಲೇಜೊಂದರಲ್ಲಿ ಕಾದಂಬರಿ ಪಾಠ ಮಾಡುವ ನನಗೆ ಮಾಂತ್ರಿಕ ವಾಸ್ತವವೆಂದರೆ ಕಥೆ ಹೇಳುವ ಒಂದು ತಂತ್ರ, ಅಷ್ಟೇ. ಅಡುಗೆ, ಬಸ್ಸು, ಜ್ವರಗಳ ನಡುವೆ ಅಸಾಧ್ಯವಾದದ್ದೊಂದು ನಡೆಯಬೇಕು. ಕಾದಂಬರಿಯೊಳಗಿನವರು ಯಾರೂ ಬೆರಗಾಗಬಾರದು. ಲೇಖಕ ಕಾರಣ ಕೊಡಬಾರದು. ಯಾರಾದರೂ ಹೆದರಿ ಕಿರುಚಿದರೆ ಅದು ದೆವ್ವದ ಕಥೆ. ಹೀಗೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ.

ಕೆಲವು ವರ್ಷಗಳ ಹಿಂದೆ, ಕಾಪುವಿನಿಂದ ಬರುತ್ತಿದ್ದ ಸಫಿಯಾ ಎಂಬ ವಿದ್ಯಾರ್ಥಿನಿ ತನ್ನ ಕಾದಂಬರಿಯ ಹಸ್ತಪ್ರತಿ ಕೊಟ್ಟಳು. ಗಲ್ಫಿನಲ್ಲಿ ದುಡಿಯುವ ಮಗನ ಹಳೆಯ ಅಂಗಿ ಊರಿನ ಕಪಾಟಿನೊಳಗೆ ದಿನವೂ ಬೆವರಿನಿಂದ ಒದ್ದೆಯಾಗುತ್ತದೆ. ತಾಯಿ ಅದನ್ನು ಒಗೆದು, ಒಣಗಿಸಿ, ಮತ್ತೆ ಒಳಗಿಡುತ್ತಾಳೆ. ‘ಯಾವ ತಾಯಿಯೂ ಇಷ್ಟು ನಿರಾಳವಾಗಿರುವುದಿಲ್ಲ, ನಂಬುವಂತಿಲ್ಲ’ ಎಂದು ಅಂಚಿನಲ್ಲಿ ಷರಾ ಬರೆದೆ. ಅವಳ ಮುಖ ಬಾಡಿತು.

“ಹಾಗಾದರೆ ಬರೆಯುವುದನ್ನೇ ಬಿಡುತ್ತೇನೆ ಸರ್. ಅದಕ್ಕೆ ಮೊದಲು ನೀವು ಒಮ್ಮೆ ನಮ್ಮ ಮನೆಗೆ ಬರಬೇಕು.”

ಒಂದು ಭಾನುವಾರ ಮಧ್ಯಾಹ್ನ ಹೋದೆ. ಸಫಿಯಾಳ ಉಮ್ಮ ಕಪಾಟು ತೆರೆದು ಗಲ್ಫಿನಲ್ಲಿದ್ದ ಹಿರಿಯ ಮಗ ನವಾಜನ ನೀಲಿ ಅಂಗಿ ತೋರಿಸಿದರು. ಮುಟ್ಟಿ ನೋಡಿದೆ, ಗರಿಗರಿಯಾಗಿ ಒಣಗಿತ್ತು. ಬೀಗ ಹಾಕಿ ಕೀಲಿಯನ್ನು ನನ್ನ ಜೇಬಿಗೇ ಹಾಕಿಕೊಂಡೆ. ಊಟದ ನಡುವೆ ನವಾಜನ ಫೋನ್ ಬಂತು. “ಎಸಿ ಆಫೀಸಿನಲ್ಲಿ ಕೂತಿದ್ದಾನಂತೆ” ಎಂದು ಉಮ್ಮ ನಮಗೆ ಹೇಳಿ ಸಣ್ಣಗೆ ನಕ್ಕರು.

ಕೈ ತೊಳೆದು ಬೀಗ ತೆಗೆದೆ. ಅಂಗಿಯ ಬೆನ್ನು, ಕಾಲರ್ ತೊಯ್ದಿದ್ದವು. ಬೆವರಿನದೇ ವಾಸನೆ. ಪಕ್ಕದ ಬಟ್ಟೆಗಳೆಲ್ಲ ಒಣಗಿಯೇ ಇದ್ದವು.

“ಇದು ಹೇಗಾಯಿತು?” ಎಂದೆ.

ಉಮ್ಮನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ಹೇಗೆ ಅಂದರೆ ಎಂತ ಸರ್? ಅಲ್ಲಿ ಬಿಸಿಲು ಜಾಸ್ತಿ ಅಲ್ವಾ?” ಎಂದು ಅಂಗಿಯನ್ನು ಬಕೆಟ್ಟಿಗೆ ಹಾಕಿದರು.

“ಎಸಿ ಆಫೀಸು ಸುಳ್ಳೆಂದು ನಿಮಗೆ ಗೊತ್ತುಂಟು ಎಂದು ಅವನಿಗೆ ಹೇಳುವುದಿಲ್ಲವೇ?” ಎಂದೆ.

“ನನಗೆ ಬೇಸರ ಆಗಬಾರದು ಅಂತ ಹೇಳುವುದು. ಹೇಳಲಿ ಬಿಡಿ.”

ಮರುದಿನ ಆ ಷರಾ ಹೊಡೆದುಹಾಕಿ, ಬರೆದು ಮುಗಿಸು ಎಂದು ಸಫಿಯಾಳಿಗೆ ಹೇಳಿದೆ.

ಎರಡು ತಿಂಗಳ ಬಳಿಕ ಅವಳು ಅಳುತ್ತಾ ಫೋನ್ ಮಾಡಿದಳು. ಮೂರು ದಿನದಿಂದ ಅಂಗಿ ಒದ್ದೆಯಾಗಿಲ್ಲ, ಅಣ್ಣ ಫೋನ್ ಎತ್ತುತ್ತಿಲ್ಲ, ಉಮ್ಮ ಊಟ ಬಿಟ್ಟಿದ್ದಾರೆ. ನಾನು ಯೋಚಿಸುತ್ತ ಕೂರಲಿಲ್ಲ. ಕಾರ್ಕಳದ ನನ್ನ ಗೆಳೆಯನೊಬ್ಬ ನವಾಜ್ ಇದ್ದ ಗಲ್ಫಿನ ಊರಿನಲ್ಲೇ ಇದ್ದ. “ಮಾರಾಯ, ಈಗಲೇ ಹೋಗಿ ನೋಡು” ಎಂದೆ. ಅಂಗಿಯ ವಿಷಯ ಹೇಳಲು ನಾಚಿಕೆಯಾಯಿತು. ಸಂಜೆ ಅವನ ಉತ್ತರ ಬಂತು. ಕಟ್ಟಡದ ಕೆಲಸದಲ್ಲಿದ್ದ ನವಾಜ್ ಬಿಸಿಲಿಗೆ ತಲೆತಿರುಗಿ ಬಿದ್ದು ಮೂರು ದಿನದಿಂದ ಆಸ್ಪತ್ರೆಯಲ್ಲಿದ್ದ. ಜೀವಕ್ಕೆ ಅಪಾಯವಿರಲಿಲ್ಲ.

ಚೇತರಿಸಿಕೊಂಡು ಊರಿಗೆ ಬಂದಾಗ, ಅಂಗಿ ಒದ್ದೆಯಾಗುವುದು ಹೇಗೆಂದು ಅವನನ್ನೇ ಕೇಳಿದೆ. “ಉಮ್ಮನಿಗೆ ಗೊತ್ತಾಗದೆ ಇರುತ್ತದಾ ಸರ್?” ಎಂದು ಮೀನಿನ ತಟ್ಟೆಯನ್ನು ನನ್ನ ಕಡೆ ಸರಿಸಿದ.

ಆ ಮನೆಯಲ್ಲಿ ಕಾರಣ ಬೇಕಾಗಿದ್ದವನು ನಾನೊಬ್ಬನೇ. ಅದು ನನಗೆ ಇನ್ನೂ ಸಿಕ್ಕಿಲ್ಲ.